ನನ್ನ ತಮ್ಮ ತಿರುಮೂರ್ತಿ ಕುಡಿದವನಲ್ಲ

ಮೊದಲು ಇದನ್ನ ಬರ್ಕೊ ಕಣ್ಣು, ನನ್ನ ಚಿನ್ನ. ನಿಮ್ಮ ತಾತ ಕುಡಿದವನಲ್ಲ. ಒಂದು ದಿನ, ಒಂದು ತೊಟ್ಟು, ಸುಮ್ನೆ ರುಚಿ ನೋಡೋಣ ಅಂತ ಕೂಡ ಬಾಯಿಗೆ ಇಟ್ಟವನಲ್ಲ. ಬರ್ಕೊಂಡ್ಯಾ? ಸರಿ. ಇನ್ನು ನಾನು ಮಾತಲ್ಲಿ ಎಲ್ಲೆಲ್ಲಿ ಹೋದ್ರೂ ಪರವಾಗಿಲ್ಲ, ಅದೊಂದು ತಲೆ ಮೇಲೆ ಇರುತ್ತೆ.

ನಿಮ್ಮಮ್ಮ ತೆನ್ಮೊಳಿ ನಿಂಗೆ ಬೇರೆ ಹೇಳಿರ್ತಾಳೆ. ಅಪ್ಪ ತನ್ನ ಪಟ್ಟರೆನ, ಲೇತ್ ಇಟ್ಟಿದ್ದ ಶೆಡ್ಡನ್ನ, ಕುಡಿದು ಕಳೆದ, ನಂಗೆ ಬಂದ ಒಳ್ಳೆ ಸಂಬಂಧಾನೂ ಅದರಲ್ಲೇ ಹೋಯ್ತು ಅಂತ. ಅವಳ ಮೇಲೆ ನಂಗೆ ಕೋಪ ಇಲ್ಲ. ಗಣಪತಿ ಅನ್ನೋ ಈ ನಮ್ಮ ಊರೆಲ್ಲ ಹೇಳಿದ್ದನ್ನೇ ಅವಳು ನಂಬಿದ್ಲು. ಅವಳಮ್ಮ, ನಿಮ್ಮಜ್ಜಿ ವಿಜಯಕುಮಾರಿ, ಅವಳೂ ನಂಬಿದ್ಲು. ವಿಜಿ ಹಾಗೆ ನಂಬಲಿ ಅಂತಲೇ ನನ್ನ ತಮ್ಮ ಬಾಯಿ ಬಿಡಲಿಲ್ಲ. ನಿಜ ಏನು ಅಂತ ಅವಳಿಗೆ ಗೊತ್ತಾದ್ರೆ ಅವಳು ಉಳಿಯಲ್ಲ ಅಂತ ಅವನ ಭಯ. ಈಗ ಇಬ್ಬರೂ ಹೋಗಿದಾರೆ. ನೀನು ಮೈಸೂರಿಗೆ ನರ್ಸಿಂಗ್ ಓದೋಕೆ ಹೋಗಿ ಕನ್ನಡ ಅಕ್ಷರ ಕಲ್ತು ಬಂದಿದ್ದೀಯ. ನಮ್ಮ ಮನೇಲಿ ಕನ್ನಡ ಎಲ್ಲರೂ ಮಾತಾಡೋರೇ, ಕಲ್ತಿದ್ದು ತಮಿಳು ಅಕ್ಷರ, ಕನ್ನಡ ಓದೋರು ಒಬ್ಬರೂ ಇಲ್ಲ. ನಿಮ್ಮಮ್ಮನ ಕೈಗೆ ಇದು ಸಿಕ್ಕಿದ್ರೂ ಅವಳ ಕಣ್ಣಿಗೆ ರಂಗೋಲಿ ಎಳೆ ಹಾಕಿದಂಗೆ ಕಾಣುತ್ತೆ ಅಷ್ಟೇ. ಅದಕ್ಕೇ ಧೈರ್ಯ ಬಂತು ನಂಗೆ.

ಆ ದಿಂಬು ಸ್ವಲ್ಪ ಕೊಡು ಇತ್ತ. ಹಾಂ.

ನಾವು ಸಿರುಮುಗೈನವರು, ಮಗ್ಗದವರು. ನಮ್ಮಪ್ಪ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ್ರೆ ಊಟಕ್ಕೇ ಏಳೋರು. ತಿರುಮೂರ್ತಿಗೆ ಆ ಗುಂಡಿ ಆಗ್ತಿರಲಿಲ್ಲ. ಅವನ ಕಾಲು ಉದ್ದ, ಕೊಕ್ಕರೆ ಕಾಲು, ಮಂಡಿ ಮೇಲೆ ಬಂದು ಮಗ್ಗಕ್ಕೆ ತಾಗೋದು. ಅಪ್ಪ ಬೈಯ್ಯೋರು, "ನಿನ್ನ ಕಾಲು ಕತ್ತರಿಸಬೇಕಾ, ಮಗ್ಗ ಎತ್ತರ ಮಾಡಬೇಕಾ ಹೇಳು" ಅಂತ. ಅಮ್ಮ ಬೇಗ ಹೋಗಿಬಿಟ್ಟಿದ್ರು, ಅವನನ್ನ ಸೊಂಟದ ಮೇಲೆ ಇಟ್ಕೊಂಡು ಬೆಳೆಸಿದ್ದು ನಾನು. ನಾನು ಮದುವೆ ಆಗಿ ಗಣಪತಿಗೆ ಬಂದ ಮೇಲೆ ಅವನೂ ಹಿಂದೇ ಬಂದ. ನಿಮ್ಮ ದೊಡ್ಡ ತಾತ, ನನ್ನ ಯಜಮಾನರು, ಮಿಲ್ಲಲ್ಲಿ ಕೆಲಸ. ಅವರೇ ಒಂದು ಲೇತ್ ಪಟ್ಟರೆಗೆ ಇವನನ್ನ ಸೇರಿಸಿದ್ರು. ಆಗೆಲ್ಲ ಗಣಪತೀಲಿ ಯಾವ ಸಂದಿಗೆ ಹೋದ್ರೂ ಕಬ್ಬಿಣ ಕಡೆಯೋ ಸದ್ದು. ನಂಗೆ ಮೊದಮೊದಲು ತಲೆನೋವು ಬರ್ತಿತ್ತು, ಆಮೇಲೆ ಆ ಸದ್ದು ಇಲ್ಲದ ಊರಿಗೆ ಹೋದ್ರೆ ನಿದ್ದೆ ಬರ್ತಿರಲಿಲ್ಲ.

ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಮನೆ ಹಿಂದೇನೇ ಶೀಟು ಹಾಕಿಸಿ ಸ್ವಂತ ಪಟ್ಟರೆ ಇಟ್ಟ. ಒಂದು ಲೇತು, ಒಂದು ಸಾಣೆ ಮಿಷನ್ನು. ಬಾವಿಗೆ ಇಳಿಸೋ ಪಂಪ್ ಇದೆಯಲ್ಲ, ಅದರೊಳಗೆ ತಿರುಗೋ ದಂಡ ಶಾಫ್ಟು. ಅದು ಅಲ್ಲಾಡದಂಗೆ ಹಿಡ್ಕೊಳ್ಳೋ ಬಳೆ ಬುಷ್ಷು. ಆ ಬುಷ್ಷು ಇವನು ಮಾಡಿ ಒಂದು ಪಂಪ್ ಕಂಪನಿಗೆ ಕೊಡ್ತಿದ್ದ. ನಂಗೆ ಏನು ಗೊತ್ತು ಇದೆಲ್ಲ ಅಂತ ನೋಡ್ತೀಯ. ಭಾನುವಾರ ಆದ್ರೆ ಅವನು ನಮ್ಮನೆಗೆ ಬರೋನು. ಎಲ್ಲರೂ ಬರೋವಾಗ ಬಾಳೆಹಣ್ಣೋ ಬಿಸ್ಕತ್ತೋ ತರ್ತಾರೆ, ಇವನು ಚೀಲದಲ್ಲಿ ಸವೆದು ಹೋದ ಕಬ್ಬಿಣ ತರೋನು. ಬಾವಿಯಿಂದ ಎತ್ತಿದ ಹಳೇ ಪಂಪಿನ ಸಾಮಾನು. ನಾನು ಅವರೆಕಾಯಿ ಬಿಡಿಸ್ತಾ ಇದ್ರೆ, ಪಕ್ಕದಲ್ಲೇ ಪೇಪರ್ ಹಾಸಿ ಸಾಲಾಗಿ ಇಡೋನು.

"ಇದು ನೋಡಕ್ಕ, ಬಳೆ ತೊಟ್ಟಂಗೆ ಸುತ್ತಲೂ ಗೀರು. ಇದು ಮರಳು. ಹೊಸ ಬೋರು, ಮರಳು ಬರೋದು ನಿಲ್ಲೋಕೆ ಮುಂಚೇನೇ ಪಂಪ್ ಇಳಿಸಿದಾರೆ."

"ಇದೇನೋ, ಗೆದ್ದಲು ತಿಂದಂಗಿದೆ."

"ಇದನ್ನ ತಿಂದಿರೋದು ನೀರು. ಬಾವೀಲಿ ನೀರು ಸಾಲದೆ ಪಂಪ್ ಎಳೀತಿದ್ರೆ ಒಳಗೆ ಗುಳ್ಳೆ ಹುಟ್ಟುತ್ತೆ. ಆ ಗುಳ್ಳೆ ಕಬ್ಬಿಣದ ಮೇಲೇ ಒಡೆಯುತ್ತೆ. ಒಂದೊಂದೂ ಒಂದು ಸಣ್ಣ ಪೆಟ್ಟು."

"ಗುಳ್ಳೆ ಕಬ್ಬಿಣ ತಿನ್ನುತ್ತಂತೆ. ಹೋಗೋ, ನಾನು ಮಗ್ಗದವಳು ಅಂತ ಏನು ಬೇಕಾದ್ರೂ ಹೇಳ್ತೀಯ."

"ನಂಬಬೇಡ ಬಿಡು."

ಒಂದೊಂದು ಕಡೆ ಕುಂಕುಮದಂಥ ಕೆಂಪು ಪುಡಿ ಇರೋದು. ಅದು ಬಿಗಿಯಾಗಿ ಹೊಡೆದು ಕೂರಿಸಿದ ಜಾಗವಂತೆ. ಇದು ಅಲ್ಲಾಡೋದೇ ಇಲ್ಲ ಅಂತ ನಾವು ನೆಮ್ಮದಿಯಾಗಿ ಇರ್ತೀವಿ, ಅದು ಮಾತ್ರ ಒಳಗೊಳಗೇ ಕಣ್ಣಿಗೆ ಕಾಣದಷ್ಟು ನಡುಗಿ ನಡುಗಿ, ತನ್ನನ್ನೇ ಪುಡಿ ಮಾಡ್ಕೊಳ್ಳುತ್ತಂತೆ. ಉಪ್ಪುನೀರಿನ ತುಕ್ಕು ಬೇರೆ, ಅದು ಮೇಲಿಂದ ಬರುತ್ತೆ. ಎಲ್ಲಕ್ಕಿಂತ ನೋಡೋಕಾಗದೆ ಇರೋದು ಕಚ್ಚಿಕೊಂಡಿದ್ದು. ಶಾಫ್ಟಿಗೂ ಬುಷ್ಷಿಗೂ ನಡುವೆ ಕೂದಲಿಗಿಂತ ಸಣ್ಣ ಸಂದು ಬೇಕು, ಅದರಲ್ಲಿ ನೀರು ಪದರದಂಗೆ ನಿಲ್ಲಬೇಕು. ಸಂದು ಸಾಲದಿದ್ರೆ ನೀರು ಹೋಗಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಾದು ಅಂಟಿಕೊಂಡು, ಒಂದರ ಚರ್ಮ ಇನ್ನೊಂದು ಕಿತ್ತು ಹಾಕುತ್ತೆ. ಅಂಥದ್ದನ್ನ ನಂಗೆ ಮುಟ್ಟೋಕೆ ಬಿಡ್ತಿರಲಿಲ್ಲ, ಬೆರಳು ಕೊಯ್ಯುತ್ತೆ ಅನ್ನೋನು.

ಅವನಿಗೆ ಒಂದು ಅಭ್ಯಾಸ. ಯಾರ ಸಾಮಾನು ಕೆಟ್ಟು ಬಂದ್ರೂ ಮೊದಲು ಬೈಯ್ಯಲ್ಲ. ತಿರುಗಿಸಿ ತಿರುಗಿಸಿ ನೋಡೋನು, ಆಮೇಲೆ ಕೇಳೋನು. ಬಾವಿ ಎಷ್ಟು ಆಳ, ಕರೆಂಟು ಹೇಗೆ, ಯಾವಾಗ ಸದ್ದು ಬದಲಾಯ್ತು. ಗಾಯ ಒಂದೇ ತರ ಕಂಡ್ರೂ ಕಾರಣ ಬೇರೆ ಬೇರೆ ಇರುತ್ತೆ, ಕಾರಣ ತಿಳಿಯದೆ ಯಾರ ತಲೆಗೂ ಕಟ್ಟಬಾರದು ಅನ್ನೋನು.

ವಿಜಿ ವಿಷಯಕ್ಕೆ ಬರ್ತೀನಿ. ಅವಳು ತಿರುಪ್ಪೂರು ಕಡೆಯವಳು, ನಮ್ಮವರೇ. ಸಣ್ಣ ಮೈ, ದೊಡ್ಡ ಕಣ್ಣು, ಮಾತು ಕಮ್ಮಿ. ನಿಮ್ಮಮ್ಮ ಹುಟ್ಟಿದ ಮೇಲೆ ಒಂದು ಗಂಡು ಮಗು ಆಯ್ತು. ಇದು ನಿಂಗೆ ಗೊತ್ತಿರಲ್ಲ, ಮನೇಲಿ ಯಾರೂ ಎತ್ತಲ್ಲ ಆ ಮಾತು. ನಡೆಯೋಕೆ ಕಲೀತಿದ್ದ ಮಗು. ಜ್ವರ ಬಂತು. ಮೈ ಸುಡುತ್ತೆ ಅಂತ ಅವಳು ಸ್ವಲ್ಪ ತಣ್ಣೀರಲ್ಲಿ ಮೈ ಒರೆಸಿ ತಲೆಗೂ ನೀರು ಹಾಕಿದ್ಲು. ಮಾರನೇ ದಿನ ಮಗು ಇಲ್ಲ. ಆಸ್ಪತ್ರೆಯವರು ಮಿದುಳಿಗೆ ಜ್ವರ ಏರಿತ್ತು, ನೀರಿಂದ ಅಲ್ಲ ಅಂದ್ರು. ಬೀದಿ ಹೆಂಗಸರು ಕೇಳ್ತಾರಾ. ಸಾವಿನ ಮನೇಲಿ, ಅವಳು ಕೂತಿರೋ ಹಾಗೇ, ಜ್ವರದಲ್ಲಿ ನೀರು ಹುಯ್ದು ಮಗೂನ ಕಳ್ಕೊಂಡ್ಲು ಅಂದ್ರು. ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದ್ರೆ ಬಾವಿ ಕಟ್ಟೆ ಮೇಲೆ ಒಳಗಡೆಗೆ ಕಾಲು ಹಾಕ್ಕೊಂಡು ಕೂತಿದಾಳೆ. ತಿರುಮೂರ್ತಿ ಹಿಂದಿಂದ ಹೋಗಿ ಎರಡೂ ಕೈಯಲ್ಲಿ ಬಾಚಿ ಎತ್ಕೊಂಡ. ಅವಳು ಅವನನ್ನ ನೋಡಿ, "ನಾನು ತಾನೇ ಕೊಂದಿದ್ದು" ಅಂದ್ಲು. ನಾನು ಅಲ್ಲೇ ಇದ್ದೆ ಕಣ್ಣು.

ಆಮೇಲೆ ಬಹಳ ದಿನ ಅವಳು ಮನುಷ್ಯಳಾಗಿರಲಿಲ್ಲ. ಅನ್ನ ಕಲಸಿ ಬಾಯಿಗೆ ಇಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ಹೇಗೆ ಎದ್ದಳು ಅಂದ್ರೆ ಪಾತ್ರೆ ತಿಕ್ಕಿ ಎದ್ದಳು. ಒಂದಿನ ದೇವರ ಮನೆ ಹಿತ್ತಾಳೆ ಚೆಂಬು ಕಪ್ಪಾಗಿತ್ತು, ಎತ್ಕೊಂಡು ಹೋಗಿ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕೋಕೆ ಕೂತಳು. ಬೆಳಿಗ್ಗೆ ಕೂತವಳು ಮಧ್ಯಾಹ್ನ ಎದ್ದಳು. ಚೆಂಬು ಬಂಗಾರ ಆಗಿತ್ತು. ಎದ್ದು ಬಂದು, "ಅತ್ತಿಗೆ, ಹಸಿವಾಗ್ತಿದೆ" ಅಂದ್ಲು. ಆವತ್ತು ನಾವೆಲ್ಲ ಅತ್ತುಬಿಟ್ವಿ. ಅಲ್ಲಿಂದ ಅವಳಿಗೆ ಅದೇ ಔಷಧಿ. ಮನಸ್ಸಿಗೆ ಏನಾದ್ರೂ ಆದ್ರೆ ತಿಕ್ಕೋಕೆ ಕೂರೋಳು. ಹಬ್ಬ ಬಂತು ಅಂದ್ರೆ ಬೀದಿಯವರೆಲ್ಲ ತಮ್ಮ ಹಿತ್ತಾಳೆ ತಂದು ಇವಳ ಮುಂದೆ ಹಾಕೋರು, ಆ ಮಾತಾಡಿದ ಹೆಂಗಸರೂ ಸೇರಿ. ಇವಳು ಎಲ್ಲರದ್ದೂ ತಿಕ್ಕಿಕೊಡೋಳು.

ತಿರುಮೂರ್ತಿ ಹತ್ರ ಒಂದು ಅಳತೆಗುಂಡು ಇತ್ತು. ಗೇಜ್ ಅಂತಾರೆ. ಗಟ್ಟಿ ಉಕ್ಕು, ಒರಳಿನ ಗುಂಡು ಚಿಕ್ಕದಾದಂಗೆ, ಹಿಡ್ಕೊಳ್ಳೋಕೆ ಹಿಡಿ. ಬುಷ್ಷು ಮಾಡಿದ ಮೇಲೆ ಈ ಗುಂಡನ್ನ ಅದರ ತೂತಿಗೆ ಹಾಕಿ ನೋಡೋದು. ನೇರ ಒಳಗೆ ಹೋದ್ರೆ ಬುಷ್ಷು ಸರಿ, ಹೋಗದಿದ್ರೆ ತೂತು ಸಣ್ಣ. ಅವನ ಇಡೀ ಪಟ್ಟರೆ ಆ ಗುಂಡಿನ ಮಾತು ಕೇಳ್ಕೊಂಡು ನಡೀತಿತ್ತು. ಎಣ್ಣೆ ಬಟ್ಟೆ ಸುತ್ತಿ ಮರದ ಪೆಟ್ಟಿಗೇಲಿ ಇಡೋನು. ಬರಿಗೈಯಲ್ಲಿ ಮುಟ್ಟೋನಲ್ಲ, ಬೆವರಿನ ಉಪ್ಪು ಹಿಡಿಯುತ್ತೆ ಅಂತ. ನಾವು ತಮಾಷೆ ಮಾಡ್ತಿದ್ವಿ, ವಿಜಿ, ನಿನ್ನ ಸವತಿ ಪೆಟ್ಟಿಗೇಲಿ ಮಲಗಿದಾಳೆ ಅಂತ.

ಅಷ್ಟು ಕಾಪಾಡೋನು, ಆಯುಧ ಪೂಜೆ ದಿನ ಮಾತ್ರ ಅದನ್ನ ಬಿಚ್ಚಿ ಬಾಳೆ ಎಲೆ ಮೇಲೆ ಇಡೋನು. ಎಲ್ಲ ಸಾಮಾನಿಗೂ ಮೊದಲು ಅದಕ್ಕೇ ಗಂಧ, ಕುಂಕುಮ. ಪೂಜೆ ಆದ ಮೇಲೆ ಮಾರನೇ ದಿನದವರೆಗೆ ಆಯುಧ ಮುಟ್ಟಬಾರದಲ್ಲ, ರಾತ್ರಿಯೆಲ್ಲ ಒದ್ದೆ ಗಂಧ ಅದರ ಮೇಲೇ. ಪೂಜೇಲಿ ಇರೋದಕ್ಕೆ ಏನಾಗುತ್ತೆ ಅಂತ ಅವನ ನಂಬಿಕೆ. ಒಂದು ವರ್ಷ ಹಾಗೆ ಗಂಧ ಇಟ್ಟ ಜಾಗದಲ್ಲಿ ಸಣ್ಣಗೆ ಕಂದು ಕಲೆ ಬಿತ್ತು.

ಮುಂದಿನ ವರ್ಷದ ಪೂಜೆ ದಿನ. ಇವನು ಬಾಳೆಕಂದು, ಬೂದುಗುಂಬಳ, ಪುರಿ ಕಡ್ಲೆ ತರೋಕೆ ಮಾರ್ಕೆಟ್ಟಿಗೆ ಹೋಗಿದ್ದ. ವಿಜಿ ಪಟ್ಟರೆ ತೊಳೀತಿದ್ಲು. ಪೆಟ್ಟಿಗೆ ತೆಗೆದು ನೋಡಿದ್ಲು, ಕಲೆ ಕಂಡ್ತು. ಗಂಡನಿಗೆ ಪ್ರಾಣದಂಥ ವಸ್ತು ಹೀಗೆ ಇದ್ರೆ ಹೇಗೆ ಅಂತ, ಹುಣಸೆಹಣ್ಣು, ಇಟ್ಟಿಗೆ ಪುಡಿ ತಗೊಂಡು ಕೂತಳು. ಅವಳ ಕೈ ನಿಂಗೆ ಗೊತ್ತಲ್ಲ. ಕಲೆ ಹೋಗೋವರೆಗೂ ಬಿಡೋಳಲ್ಲ. ತಿಕ್ಕಿ, ತೊಳೆದು, ಒರೆಸಿ, ಅವನು ಮಾಡೋ ಹಾಗೇ ಎಣ್ಣೆ ಹಚ್ಚಿ ಎಲೆ ಮೇಲೆ ಇಟ್ಟಳು. ಅವನು ಬರೋ ಹೊತ್ತಿಗೆ ಜನ ಸೇರಿದ್ರು, ಹೊಗೆ, ಕರ್ಪೂರ. ಗಂಧ ಇಟ್ಟ, ಕೈ ಮುಗಿದ. ಗಮನಿಸಲಿಲ್ಲ. ವಿಜಿ ನನ್ನ ಹತ್ರ ಬಂದು ಕಿವೀಲಿ ಹೇಳಿದ್ಲು, "ಅತ್ತಿಗೆ, ಅವರ ಗುಂಡನ್ನ ಹೇಗೆ ಮಾಡಿದೀನಿ ನೋಡಿ. ಅವರಾಗೇ ನೋಡಿ ಹೇಳಲಿ, ನಾನು ಹೇಳಲ್ಲ." ನಾನೂ ನೋಡಿದೆ. ನಕ್ಷತ್ರದಂಗೆ ಹೊಳೀತಿತ್ತು. ಮಗು ಹೋದ ಮೇಲೆ ಅವಳು ಅಷ್ಟು ಖುಷಿಯಾಗಿದ್ದನ್ನ ನಾನು ಆವತ್ತೇ ನೋಡಿದ್ದು.

ನಂಗೇನು ಗೊತ್ತು ಹೇಳು. ಚೆಂಬಿಂದ ಒಂದು ಪದರ ಹೋದ್ರೆ ಚೆಂಬು ಚೆಂಬೇ. ಅಳತೆಗುಂಡಿಂದ ಹೋದ್ರೆ ಅಳತೆ ಹೋಯ್ತು. ಗುಂಡು ಕೂದಲಿನ ಒಂದು ಎಳೆಯಷ್ಟು ತೆಳ್ಳಗಾದ್ರೆ, ಸಣ್ಣ ತೂತಿಗೂ ಸಲೀಸಾಗಿ ಇಳಿದುಬಿಡುತ್ತೆ. ಇವನು ಬುಷ್ಷು ಸರಿ ಇದೆ ಅಂತ ಕಂಪನಿಗೆ ಕಳಿಸ್ತಾನೆ. ಅದೇ ನಡೆದಿದ್ದು. ಆ ಸಲ ದೊಡ್ಡ ಆರ್ಡರು ಬೇರೆ. ಪಂಪೆಲ್ಲ ಮಡತ್ತುಕುಳಂ ಕಡೆ, ಅಮರಾವತಿ ದಡದ ತೋಟಗಳಿಗೆ ಹೋದ್ವು. ಸ್ವಲ್ಪ ದಿನಕ್ಕೇ ಒಂದೊಂದಾಗಿ ನಿಂತ್ವು. ತೋಟದವರು ವ್ಯಾನಲ್ಲಿ ಹಾಕ್ಕೊಂಡು ಬಂದು ಕಂಪನಿ ಬಾಗಿಲಲ್ಲಿ ಇಳಿಸಿ ಕೂಗಾಡಿದ್ರು.

ಕಂಪನೀಲಿ ಸಾಮಾನು ತಪಾಸಣೆ ಮಾಡೋನು ಈಶ್ವರನ್ ಅಂತ. ಒಳ್ಳೆ ಮನುಷ್ಯನೇ. ಬಿಚ್ಚಿದ ಶಾಫ್ಟು ಬುಷ್ಷು ಒಂದಷ್ಟು ತಂದು ತಿರುಮೂರ್ತಿಗೆ ಕೊಟ್ಟು, ನಾಳೆ ಬರ್ತೀನಿ, ಏನು ಅಂತ ನೋಡಿಡಿ ಅಂದು ಹೋದ. ತಿರುಮೂರ್ತಿ ಒಂದೊಂದೇ ನೋಡಿದ. ಮರಳಿನ ಗೀರು ಇಲ್ಲ. ಗುಳ್ಳೆ ತಿಂದ ಗುರುತು ಇಲ್ಲ, ತುಕ್ಕೂ ಇಲ್ಲ. ಎಲ್ಲದರಲ್ಲೂ ಒಂದೇ ಗಾಯ. ಕಚ್ಚಿಕೊಂಡಿದ್ದು. ಬೇರೆ ಬೇರೆ ಬಾವಿಯಿಂದ ಬಂದ ಪಂಪು ಎಲ್ಲ ಒಂದೇ ತರ ಸತ್ತಿದ್ರೆ ತಪ್ಪು ಬಾವೀದಲ್ಲ, ಅದು ಹುಟ್ಟಿದ ಕಡೇದು. ಬುಷ್ಷು ಬಿಗಿ. ತನ್ನ ಬುಷ್ಷು.

ಪೆಟ್ಟಿಗೆ ತೆಗೆದು ಗುಂಡನ್ನ ಹೊರಗೆ ತಂದು, ಎಣ್ಣೆ ಒರೆಸಿ ಬಿಸಿಲಿಗೆ ಓರೆ ಮಾಡಿ ಹಿಡಿದ.

ಅಲ್ಲಿಂದ ಏನಾಯ್ತು ಅಂತ ಅವನೇ ನಂಗೆ ಆಮೇಲೆ ಹೇಳಿದ್ದು. ಅಲ್ಲಿಗೂ ಬರ್ತೀನಿ. ಈಗ ಈಶ್ವರನ್ ಬಂದಿದ್ದು ಹೇಳ್ತೀನಿ. ಮಾರನೇ ದಿನ ಅವನು ಬಂದು, ತಿರುಮೂರ್ತಿಯಣ್ಣ, ಗೇಜ್ ಕೊಡಿ, ನಮ್ಮ ಕಂಪನೀಲಿ ಅಳೆದು ನೋಡಬೇಕು ಅಂದ. ಇವನು ತಂದು ಕೊಟ್ಟ. ಅದು ಗೇಜಾಗಿ ಉಳಿದಿರಲಿಲ್ಲ. ಸಾಣೆ ಚಕ್ರಕ್ಕೆ ಹಿಡಿದು ಮೇಲಿನ ಚರ್ಮ ಪೂರ್ತಿ ಕೆರೆದು ಹಾಕಿದ್ದ. ಕಲ್ಲುಸಕ್ಕರೆ ತುಂಡಿನಂಗೆ ಆಗಿತ್ತು.

"ಯಾರು ಮಾಡಿದ್ದು ಇದು?"

"ನಾನೇ."

"ಯಾಕೆ?"

ಇವನು ಗುಂಡು ಸುತ್ತಿದ್ದ ಎಣ್ಣೆ ಬಟ್ಟೆ ಮಡಿಸೋಕೆ ಶುರು ಮಾಡಿದ.

"ಅಣ್ಣ, ಇದಿಲ್ಲದೆ ನಿಮ್ಮ ತಪ್ಪಲ್ಲ ಅಂತ ನಾನು ಹೆಂಗೆ ಹೇಳಲಿ? ಗೇಜ್ ಸವೆದಿತ್ತು ಅಂತ ಆದ್ರೂ ತೋರಿಸಿದ್ರೆ ಏನೋ ಒಂದು ದಾರಿ ಇತ್ತು. ಬುದ್ಧಿ ಇರೋನು ತನ್ನ ಗೇಜನ್ನ ಸಾಣೆಗೆ ಹಿಡೀತಾನಾ? ಕುಡಿದಿದ್ರಾ?"

ತಿರುಮೂರ್ತಿ ತಲೆ ತಗ್ಗಿಸಿದ. ಈಶ್ವರನ್, ಅಯ್ಯೋ ಅಣ್ಣ, ನೀವಾ ಅಂದ್ಬಿಟ್ಟು ಹೋದ. ಅವನು ಕೆಟ್ಟದ್ದು ಮಾಡಬೇಕು ಅಂತ ಹೇಳಲಿಲ್ಲ. ಮೇಲಿನವರು ಕೇಳಿದಾಗ ಏನೋ ಹೇಳಬೇಕಿತ್ತಲ್ಲ. ಅಷ್ಟೇ ಸಾಕಾಯ್ತು. ಸಂಜೆಗೆ ಟೀ ಅಂಗಡೀಲಿ ಇತ್ತು ಮಾತು, ಬೆಳಿಗ್ಗೆ ಹಾಲಿನ ಡಿಪೋದಲ್ಲಿ ಇತ್ತು. ಕೆಲಸ ಕೊಡೋದು ನಿಂತ್ಹೋಯ್ತು. ಬೇರೆ ಕಂಪನಿಯವರೂ ಕೊಡಲಿಲ್ಲ, ಕುಡಿಯೋನ ಕೈಗೆ ಅಳತೆ ಕೆಲಸ ಯಾರು ಕೊಡ್ತಾರೆ. ಲೇತೂ ಹೋಯ್ತು, ಸಾಣೆ ಮಿಷನ್ನೂ ಹೋಯ್ತು. ಮಿಷನ್ ಎತ್ತಿ ಲಾರಿಗೆ ಹಾಕೋವಾಗ ಅವನು ನೋಡೋಕಾಗದೆ ನಮ್ಮನೆಗೆ ಬಂದು ಕೂತಿದ್ದ, ಕೈ ಎಲ್ಲಿ ಇಟ್ಕೊಳ್ಳೋದು ಅಂತಲೇ ಗೊತ್ತಾಗದೆ.

ವಿಜಿಗೆ ಹಾಲಿನ ಡಿಪೋದಲ್ಲೇ ತಿಳೀತು. ಮನೆಗೆ ಬಂದು ಅವನ ಮುಖ ನೋಡಿದ್ಲು. ಕಣ್ಣು ಕೆಂಪಗಿತ್ತು. ಅತ್ತಿದ್ದ ಅವನು. ಅವಳಿಗೆ ಬೇರೆ ತರ ಕಂಡಿತು. "ಮಗು ಹೋದಾಗ ನನ್ನ ಕೈ ಬಿಡದೆ ಇದ್ದವರು ನೀವು. ನಿಮಗೆ ಯಾಕೆ ಈ ಬುದ್ಧಿ ಬಂತು" ಅಂತ ಕೇಳಿದ್ಲು. ಬೈದಳು, ಅತ್ತಳು, ಮತ್ತೆ ಬೈದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಕುನ್ನತ್ತೂರು ಕಡೆ ಒಂದು ಕರುಪ್ಪಣ್ಣಸಾಮಿ ಗುಡಿ ಇದೆ. ಕುಡಿತ ಬಿಡಿಸೋಕೆ ಅಲ್ಲಿ ಕೈಗೆ ಕಯಿರು ಕಟ್ಟಿಸ್ತಾರೆ. ದಾರ ಕಟ್ಟಿಸ್ಕೊಂಡು ಸಾಮಿ ಮುಂದೆ ಸತ್ಯ ಮಾಡಿದ ಮೇಲೆ ಕುಡಿದ್ರೆ ಸಾಮಿ ಬಿಡಲ್ಲ ಅಂತ. ವಿಜಿ ಹಟ ಹಿಡಿದಳು, ಅತ್ತಿಗೆ ನೀವೂ ಬನ್ನಿ, ದೊಡ್ಡವರು ಇರಬೇಕು ಅಂತ ನನ್ನನ್ನೂ ಕರ್ಕೊಂಡು ಹೋದ್ಲು. ಸಾಲು ನಿಂತಿದ್ವಿ. ಮುಂದೆ ಹಿಂದೆ ಎಲ್ಲ ಹೆಂಡತಿ, ತಾಯಿ ಎಳ್ಕೊಂಡು ಬಂದ ಗಂಡಸರು. ಅಲ್ಲಿಗೆ ಬರೋಕೇ ಕುಡಿದು ಬಂದೋರೂ ಇದ್ರು. ತಿರುಮೂರ್ತಿ ಪಕ್ಕದಲ್ಲಿ ಒಬ್ಬ ಚಿನ್ನಸಾಮಿ ಅಂತ, ದಪ್ಪ ಮೀಸೆ, ಬಹಳ ಸ್ನೇಹವಾಗಿ ಕೇಳಿದ.

"ಅಣ್ಣ, ನೀವು ಯಾವುದು?"

"ಯಾವುದು ಅಂದ್ರೆ?"

"ಬ್ರಾಂದಿಯಾ, ರಮ್ಮಾ?"

"ಎರಡೂ ಇಲ್ಲ."

"ಓ, ಬೀರು. ಬೀರಿಗೆಲ್ಲ ಇಷ್ಟು ದೂರ ಬರಬೇಕಾ? ಹೆಂಡ್ತಿ ಬಲು ಖಡಕ್ಕು ಅನ್ಸುತ್ತೆ." ಅಂದು ವಿಜಿ ಕಡೆ ತಿರುಗಿ, "ಬಿಟ್ಬಿಡಮ್ಮ, ಪಾಪದ ಮನುಷ್ಯ" ಅಂದ.

ನಂಗೆ ನಗು ಬಂದು ಸೆರಗು ಬಾಯಿಗೆ ಇಟ್ಕೊಂಡೆ. ಆ ಹೊತ್ತಲ್ಲೂ ನಗು ಬರುತ್ತೆ ನೋಡು.

ಪೂಜಾರಿ ಕಯಿರು ಹಿಡ್ಕೊಂಡು, ಎಷ್ಟು ವರ್ಷದಿಂದ ಕುಡೀತೀಯ ಅಂತ ಕೇಳಿದ್ರು. ಸಾಮಿ ಮುಂದೆ ಸುಳ್ಳು ಹೇಳೋಕೆ ತಿರುಮೂರ್ತಿಗೆ ಬಾಯಿ ಬರಲಿಲ್ಲ. ವಿಜಿನೇ ಹೇಳಿದ್ಲು, "ಎಷ್ಟು ದಿನದಿಂದ ಮುಚ್ಚಿಟ್ಟಿದ್ರೋ ನಂಗೇ ಗೊತ್ತಿಲ್ಲ ಸಾಮಿ." ಪೂಜಾರಿ, "ಸರಿ, ಇನ್ನು ಮೇಲೆ ಮುಟ್ಟಲ್ಲ ಅಂತ ಹೇಳು" ಅಂದ್ರು. "ಇನ್ನು ಮೇಲೆ ಮುಟ್ಟಲ್ಲ" ಅಂದ. ಅದನ್ನ ಅವನು ತಡವರಿಸದೆ ಹೇಳಿದ.

ವಾಪಸ್ ಬರೋವಾಗ ಕುನ್ನತ್ತೂರು ಬಸ್‌ಸ್ಟಾಂಡಲ್ಲಿ ವಿಜಿ ಪ್ರಸಾದ ಹಂಚೋಕೆ ಬಾಳೆಹಣ್ಣು ತರ್ತೀನಿ ಅಂತ ಹೋದ್ಲು. ನಾವಿಬ್ಬರೇ ಟೀ ಅಂಗಡಿ ಬೆಂಚಲ್ಲಿ.

"ನಿನ್ನ ಬಾಯಿ ನಾನು ಮೂಸಿದೀನಿ ಕಣೋ. ನೀನು ಕುಡಿಯೋನಲ್ಲ. ಯಾರಿಗೋಸ್ಕರ ಈ ಕಯಿರು?"

ಅವನು ಟೀ ಲೋಟ ತಿರುಗಿಸ್ತಾ ಇದ್ದ. "ಅಕ್ಕ, ಗುಂಡಿನ ಮೇಲೆ ಗೀರು ಇತ್ತು."

"ಅದು ಸವೆಯೋದೇ ತಾನೇ."

"ಬುಷ್ಷೊಳಗೆ ಹೋಗಿ ಬಂದು ಸವೆದ್ರೆ ಗೀರು ಉದ್ದುದ್ದ ಬೀಳುತ್ತೆ. ಇದು ಸುತ್ತಿ ಸುತ್ತಿ ಇತ್ತು, ಸಣ್ಣ ಸಣ್ಣ ಸುತ್ತು, ಒಂದರ ಮೇಲೊಂದು. ಮಧ್ಯೆ ಮಧ್ಯೆ ಹುಳಿ ತಿಂದ ಬೂದಿ ಬಣ್ಣ. ನಮ್ಮನೆ ಚೆಂಬು, ದೀಪ, ತಟ್ಟೆ, ಎಲ್ಲದರ ಮೇಲೂ ಇರೋದು ಅದೇ ಸುತ್ತು. ದಿನಾ ನೋಡ್ತೀನಿ. ಯಾರ ಕೈ ಅಂತ ಬೇರೆಯವರನ್ನ ಕೇಳಬೇಕಾ ನಾನು?"

ಆಗ ನಂಗೆ ಆಯುಧ ಪೂಜೆ ದಿನ ಅವಳು ಕಿವೀಲಿ ಹೇಳಿದ್ದು ನೆನಪಾಯ್ತು.

"ಈಶ್ವರನ್ ಅದನ್ನ ನೋಡಿದ್ರೆ ಅವನಿಗೂ ತಿಳೀತಿತ್ತು," ಅಂದ. "ಇವನ ಹೆಂಡ್ತಿ ತಿಕ್ಕಿ ಹಾಳು ಮಾಡಿದ್ಲು ಅಂತ ಊರಿಗೆಲ್ಲ ಹೋಗ್ತಿತ್ತು. ಅದಕ್ಕೇ ಸಾಣೆಗೆ ಹಿಡಿದೆ."

"ಅವಳಿಗೆ ಒಬ್ಬಳಿಗೇ ಮೆಲ್ಲಗೆ ಹೇಳೋ. ಗಂಡ ಹೆಂಡ್ತಿ ನೀವು."

"ಬಾವಿ ಕಟ್ಟೆ ಮೇಲೆ ಕೂತಿದ್ದಳಲ್ಲ, ನೀನೂ ನೋಡಿದ್ಯಲ್ಲ ಅಕ್ಕ. ಅದರಿಂದ ಎದ್ದು ಬಂದಿದ್ದು ಈ ತಿಕ್ಕೋ ಕೆಲಸದಿಂದ. ಇದೂ ನೀನೇ ಮಾಡಿದ್ದು ಅಂತ ನಾನು ಹೇಳಲಾ? ಕುಡಿಯೋ ಗಂಡನ್ನ ಬೈಕೊಂಡು ಅವಳು ಬದುಕಿರ್ತಾಳೆ. ತನ್ನನ್ನೇ ಬೈಕೊಳ್ಳೋಕೆ ಶುರು ಮಾಡಿದ್ರೆ ಇರಲ್ಲ."

"ನಿನ್ನ ಮಗಳಿದಾಳಲ್ಲೋ ಮದುವೆಗೆ."

ಅಷ್ಟರಲ್ಲಿ ವಿಜಿ ಬಾಳೆಹಣ್ಣು ತಗೊಂಡು ಬಂದ್ಲು. ಅವನ ಮಣಿಕಟ್ಟು ಹಿಡಿದು ಕಯಿರು ಬಿಗಿಯಾಗಿದೆಯಾ ಅಂತ ನೋಡಿ, ಒಂದು ಹಣ್ಣು ಸುಲಿದು ಅವನ ಕೈಗೆ ಕೊಟ್ಟಳು.

ನಿಮ್ಮಮ್ಮನ ಮಾತು ಈಗ ಬರುತ್ತೆ. ಪೊಳ್ಳಾಚಿ ಕಡೆಯಿಂದ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಮೇಷ್ಟ್ರು, ಇವಳಿಗೂ ಬಹಳ ಇಷ್ಟ, ಅವನ ಹೆಸರು ಬಂದ್ರೆ ಮುಖ ಆ ಕಡೆ ತಿರುಗಿಸ್ಕೊಳ್ಳೋಳು. ಅವರು ಗಣಪತೀಲಿ ವಿಚಾರಿಸಿದ್ರು. ಹುಡುಗೀ ತಂದೆ ಕುಡಿದು ಪಟ್ಟರೆ ಮುಳುಗಿಸಿದ್ದಾರಂತೆ ಅಂತ ಹೇಳಿ ಕಳಿಸಿ ಬಿಟ್ಟುಬಿಟ್ರು. ತೆನ್ಮೊಳಿ ಅಳಲಿಲ್ಲ. ಅಪ್ಪ ಊಟಕ್ಕೆ ಕೂತಿದ್ದ, ಎದುರಿಗೆ ಬಂದು ಕೂತಳು. ವಿಜಿ ಒಲೆ ಹತ್ರ, ನಾನು ಬಾಗಿಲಲ್ಲಿ.

"ಅಪ್ಪ, ನಾನು ಒಂದು ದಿನವೂ ನಿನ್ನ ಹತ್ರ ವಾಸನೆ ನೋಡಿಲ್ಲ. ನೀನು ಕುಡೀಲಿಲ್ಲ ಅಂತ ಒಂದು ಸಲ ಹೇಳು. ಊರು ಏನಾದ್ರೂ ಅಂದ್ಕೊಳ್ಳಲಿ. ನಾನು ನಂಬ್ತೀನಿ."

ಅವನು ಒಲೆ ಕಡೆ ನೋಡಿದ. ಕುಡೀಲಿಲ್ಲ ಅಂತ ಹೇಳಿದ್ರೆ ಮುಂದಿನ ಮಾತು ಏನು ಬರುತ್ತೆ ಹೇಳು. ಹಾಗಾದ್ರೆ ಬುಷ್ಷು ಯಾಕೆ ಕೆಡ್ತು, ಗುಂಡು ಯಾಕೆ ಸಾಣೆಗೆ ಹೋಯ್ತು. ವಿಜಿ ಸೌಟು ಹಿಡ್ಕೊಂಡು ಕೇಳಿಸ್ಕೊತಾ ನಿಂತಿದಾಳೆ.

"ಊಟ ಮಾಡು ಕಣ್ಣು," ಅಂದ.

ಅವಳು ಎದ್ದು ಹೋದ್ಲು. ಆಮೇಲೆ ಮಡತ್ತುಕುಳಂಗೆ ಮದುವೆ ಆಯ್ತು, ನಿಮ್ಮಪ್ಪ ಒಳ್ಳೆಯವರು, ನೀನು ಹುಟ್ಟಿದೆ, ಎಲ್ಲ ಸರಿ. ಅಪ್ಪನ ಹತ್ರ ಮಾತ್ರ ಅವಳದ್ದು ಬೇಕಾದಷ್ಟೇ ಮಾತು. ಬಸ್ ಎಷ್ಟೊತ್ತಿಗೆ, ಮಾತ್ರೆ ತಗೊಂಡ್ರಾ, ಅಷ್ಟೇ.

ತಿರುಮೂರ್ತಿ ಒಂದು ಕಂಪನಿಯ ಪ್ಯಾಕಿಂಗ್‌ಗೆ ಹೋದ. ಪಂಪಿಗೆ ಗೋಣಿ ಸುತ್ತಿ ಹೊಲಿಯೋದು. ಬೇರೆಯವರು ಮಾಡಿದ ಪಂಪು. ಮೊದಲೆಲ್ಲ ಸುತ್ತೋಕೆ ಮುಂಚೆ ಶಾಫ್ಟನ್ನ ಕೈಯಲ್ಲಿ ತಿರುಗಿಸಿ ನೋಡೋನಂತೆ, ಸಲೀಸಾಗಿ ತಿರುಗುತ್ತಾ ಅಂತ. ಅಲ್ಲಿಯವರು ನಕ್ಕು, "ತಾತ, ಅದಕ್ಕೆ ಬೇರೆ ಆಳಿದಾರೆ" ಅಂದ್ರಂತೆ. ಬಿಟ್ಟುಬಿಟ್ಟ. ಭಾನುವಾರ ನಮ್ಮನೆಗೆ ಬರೋದು ಬಿಡಲಿಲ್ಲ, ಚೀಲ ಮಾತ್ರ ಇರ್ತಿರಲಿಲ್ಲ. ಬಾಳೆಹಣ್ಣು ತರೋನು, ಎಲ್ಲರ ತರ. ಮದುವೆ ಮನೆಗಳಿಗೆ ಹೋದ್ರೆ ಗಂಡಸರು ಹಿಂದೆ ಕರ್ಕೊಂಡು ಹೋಗಿ, ಮಾಮ, ಒಂದು ಸ್ವಲ್ಪ, ಯಾರಿಗೂ ಹೇಳಲ್ಲ ಅನ್ನೋರು. ಕಯಿರು ತೋರಿಸೋನು. ವಿಜಿ ದೂರದಿಂದಲೇ ಕಣ್ಣಿಟ್ಟಿರೋಳು. ಅವನು ಕಯಿರು ತೋರಿಸಿದ್ದು ಕಂಡ್ರೆ ಅವಳಿಗೆ ಒಂದು ಹೆಮ್ಮೆ. ನನ್ನ ಗಂಡನ್ನ ನಾನು ಬಿಡಿಸಿದೆ ಅಂತ ಬೇರೆ ಹೆಂಗಸರಿಗೆ ಹೇಳೋಳು. ಎಷ್ಟೋ ಜನಕ್ಕೆ ಆ ಗುಡಿ ದಾರಿ ಹೇಳಿದ್ಲು. ಇಪ್ಪತ್ತು ವರ್ಷದ ಮೇಲೆ ಹೀಗೇ ಹೋಯ್ತು. ನಂಗೆ ಬಾಯಿ ತುದಿಗೆ ಬರೋದು, ಅವನು ನನ್ನ ಮುಖ ನೋಡೋನು, ನಾನು ನುಂಗ್ಕೊಳ್ಳೋಳು.

ಹೋದ ವರ್ಷದ ಹಿಂದಿನ ವರ್ಷ ವಿಜಿಗೆ ಕಿಡ್ನಿ ಕೆಟ್ಟಿತು. ನೀನು ಆಗ ಮೈಸೂರಲ್ಲಿದ್ದೆ. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದ್ರು. ಒಂದು ಮಧ್ಯಾಹ್ನ, ಹೊರಗೆ ಬಿಸಿಲು, ಅವನು ಮಂಚದ ಪಕ್ಕ ಕೂತು ಅವಳ ಕಾಲು ಒತ್ತುತಿದ್ದ. ನಾನು ಗೋಡೆಗೆ ಒರಗಿದ್ದೆ. ಅವಳು ಕಣ್ಣು ಬಿಟ್ಟಳು.

"ಏನುಂಗ," ಅಂದ್ಲು. ಕೊನೆವರೆಗೂ ಅವನನ್ನ ಹಾಗೇ ಕರೀತಿದ್ಲು. "ಒಂದು ಹೇಳಬೇಕು."

"ಹೇಳು ವಿಜಿ."

"ಆಗೆಲ್ಲ ಬಾಯಿಗೆ ಬಂದಂಗೆ ಬೈದ್ಬಿಟ್ಟೆ ನಿಮ್ಮನ್ನ. ನನ್ನ ಮಗಳ ಬಾಳು ಕೆಡಿಸಿದ್ರಿ ಅಂತ ಕೂಡ ಅಂದೆ."

"ಅದೆಲ್ಲ ಯಾಕೆ ಈಗ."

"ಇಲ್ಲ. ಆ ಕುಡಿತದ ವಿಷಯ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಕ್ಷಮಿಸಿಬಿಟ್ಟಿದೀನಿ. ಯಾವಾಗಲೋ ಕ್ಷಮಿಸಿದೆ, ಹೇಳೋಕೆ ಆಗ್ತಿರಲಿಲ್ಲ." ಉಸಿರು ತಗೊಂಡ್ಲು. "ನಾನು ಹೋದ ಮೇಲೆ ಯಾರೂ ಕೇಳೋರಿಲ್ಲ ಅಂತ ಮತ್ತೆ ಶುರು ಮಾಡಬೇಡಿ. ಮಾತು ಕೊಡಿ."

ನಾನು ಅವನನ್ನ ನೋಡಿದೆ. ಈಗ ಹೇಳಿದ್ರೂ ಹೇಳಬಹುದಿತ್ತು. ಇನ್ನು ಯಾವ ಬಾವಿ, ಯಾವ ಕಟ್ಟೆ. ಅವನು ಅವಳ ಕೈ ತಗೊಂಡು ತನ್ನ ಎರಡೂ ಕೈ ನಡುವೆ ಇಟ್ಕೊಂಡ.

"ಮುಟ್ಟಲ್ಲ ವಿಜಿ."

"ಸತ್ಯವಾಗ್ಲೂ?"

"ಸತ್ಯವಾಗ್ಲೂ."

ಅವಳ ಮುಖ ತಿಳಿಯಾಯ್ತು. ನಿದ್ದೆ ಹೋದ್ಲು. ಎರಡು ದಿನ ಇದ್ಲು ಅಷ್ಟೇ.

ಕಾರ್ಯದ ದಿನ ಗಂಡಸರೆಲ್ಲ ಹಿತ್ತಲಲ್ಲಿ ಸೇರಿದ್ರು. ಯಾರೋ ಅವನ ಮುಂದೆ ಲೋಟ ಇಟ್ಟು, "ಇನ್ನು ಯಾರಿಗೆ ಹೆದರಬೇಕು ಮಾಮ, ದುಃಖಕ್ಕೆ ಸ್ವಲ್ಪ ತಗೊಳ್ಳಿ" ಅಂದ್ರು. ಅವನು ಲೋಟನ ಮೆಲ್ಲಗೆ ಆ ಕಡೆ ಸರಿಸಿ, "ಅವಳಿಗೆ ಮಾತು ಕೊಟ್ಟಿದೀನಪ್ಪ" ಅಂದ. ನಿಮ್ಮಮ್ಮ ಅಲ್ಲೇ ಪಾತ್ರೆ ಎತ್ತಿಡ್ತಾ ಇದ್ಲು. ಕೇಳಿಸ್ಕೊಂಡು, ನನ್ನ ಹತ್ರ ಬಂದು, "ಕೊನೆಗಾದ್ರೂ ಬುದ್ಧಿ ಬಂತಲ್ಲ ಅತ್ತೆ" ಅಂದ್ಲು. ನಾನು ಹೂಂ ಅಂದೆ.

ಒಂದು ವರ್ಷ ಪೂರ್ತಿ ಆಗಲಿಲ್ಲ, ಅವನೂ ಹೋದ. ಕೂತಲ್ಲೇ, ಬೆಳಿಗ್ಗೆ ಕಾಫಿ ಕುಡಿದು.

ನೀನು ಬರೀತಾ ಬರೀತಾ ಅಳ್ತಿದ್ದೀಯ, ನಂಗೆ ಕಾಣಲ್ಲ ಅಂದ್ಕೊಂಡ್ಯಾ. ಅಮ್ಮಂಗೆ ಹೇಳಬೇಕು ಅಂತ ತಾನೇ ನಿಂಗೆ ಅನ್ನಿಸ್ತಿರೋದು. ನಂಗೂ ಅನ್ನಿಸಿದೆ, ಎಷ್ಟೋ ಸಲ. ಹೇಳಿದ್ರೆ ಅವಳಿಗೆ ಅಪ್ಪ ವಾಪಸ್ ಬರ್ತಾನೆ. ಆ ಊಟದ ದಿನ ಅವನು ಒಲೆ ಕಡೆ ಯಾಕೆ ನೋಡಿದ ಅಂತ ತಿಳಿಯುತ್ತೆ. ತಿಳಿದ ಮೇಲೆ ಅವಳು ತನ್ನ ಅಮ್ಮನ ಕೈ ನೆನೆಸ್ಕೊಳ್ಳದೆ ಇರ್ತಾಳಾ? ಅವಳ ಮನೇಲಿ ಸಾಲಾಗಿ ಇಟ್ಟಿದಾಳಲ್ಲ ಆ ಹಿತ್ತಾಳೆ ದೀಪ, ತಟ್ಟೆ, ಅಮ್ಮ ತಿಕ್ಕಿದ್ದು ಅಂತ ಯಾರಿಗೂ ಮುಟ್ಟೋಕೆ ಬಿಡಲ್ಲ. ನಾನು ಹೇಳಿದ ಮೇಲೆ ಅದನ್ನ ಅವಳು ಹೇಗೆ ನೋಡ್ತಾಳೋ ನಂಗೆ ಗೊತ್ತಿಲ್ಲ. ಅವನಿದ್ದಿದ್ರೆ ಬೇಡ ಅಂತಿದ್ದ, ಅದೊಂದು ಗೊತ್ತು. ಅವನು ಕಾಪಾಡಿದ್ದು ಯಾರನ್ನೋ ಅವಳು ಹೋದ್ಲು, ಆದ್ರೂ ಬೇಡ ಅಂತಿದ್ದ. ನಾನು ಹೇಳಲ್ಲ. ನಿನ್ನ ವಯಸ್ಸಿಗೆ ನೀನು ಯೋಚನೆ ಮಾಡು. ನೀನು ಹೇಳಿದ್ರೆ ನಾನು ತಪ್ಪು ಅನ್ನಲ್ಲ ಕಣ್ಣು, ಸುಮ್ಮನಿದ್ರೂ ಅನ್ನಲ್ಲ.